ಸಾಲದ ಮೂಗು

ಒಲೆ ಹೋಗಿ ಆರು ವಾರ.
ಇಬ್ಬರು ಹುಡುಗರು ಬಂದು, ಸರ್ಕಾರದ ಚೀಟಿ ತೋರಿಸಿ,
ನಲವತ್ತು ಚಳಿಗಾಲ ಲೆಂಗಾ ಮರ ತಿಂದ ಆ ಕಬ್ಬಿಣದ ಹೊಟ್ಟೆಯನ್ನು
ಹಲಗೆಯ ಮೇಲೆ ಜಾರಿಸಿ ಲಾರಿಗೆ ಹಾಕಿ,
ಅದಿದ್ದಲ್ಲಿ ಒಂದು ಬಿಳಿ ಪೆಟ್ಟಿಗೆ ಕೂರಿಸಿ ಹೋದರು.
ಗುಂಡಿ ಒತ್ತಿದರೆ ಬಿಸಿ.
ಕೆಟಲ್ ಇಡಲು ಜಾಗವಿಲ್ಲ.

ಯಾಸ್ನಾ ಫೋನಿನಲ್ಲಿ ಹೇಳಿದಳು:
"ಅತ್ತೆ, ವಾಸನೆ ಪೂರ್ತಿ ಹೋಗಿದ್ದರೆ ಮಾತ್ರ ಬರ್ತೇವೆ.
ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲವಂತೆ."
ಎಂಟಕ್ಕೇ ಹುಟ್ಟಿದ ಕೂಸು, ಎರಡು ರೊಟ್ಟಿಯ ತೂಕ.
"ಹೋಗಿದೆ" ಎಂದೆ.
ನನಗೇನು ಗೊತ್ತು?
ನೀರಿನ ವಾಸನೆ ಹೇಗಿದೆ ಎಂದು ಮೀನನ್ನು ಕೇಳಿದ ಹಾಗೆ.

ಆದರೂ ತೊಳೆದೆ. ಪರದೆಗಳು ಮೂರು ನೀರು ಕಂಡವು:
ಮೊದಲನೆಯದು ಚಹಾ, ಎರಡನೆಯದು ಬಡವರ ಚಹಾ,
ಮೂರನೆಯದರಲ್ಲಿ ನಾನು ಮರೆತೇಬಿಟ್ಟಿದ್ದ ಹಳದಿ ಹೂಗಳು ಎದ್ದು ಬಂದವು.
ಮಂಚದ ಕೆಳಗೆ ಬಟ್ಟಲು ವಿನೆಗರ್,
ಕಪಾಟಿನಲ್ಲಿ ಕಾಫಿ ಚರಟ, ಕಂಬಳಿಗೆ ಅಡುಗೆ ಸೋಡಾ.
ಏಣಿ ಹತ್ತಿ ಮಾಡಿನ ಹಲಗೆ ಉಜ್ಜಿದೆ,
ಮೊಣಕೈಯಿಂದ ಕಪ್ಪು ನೀರು ತೊಟ್ಟಿಕ್ಕಿತು.
ಕ್ಯಾಲೆಂಡರ್ ತೆಗೆದರೆ ಹಿಂದೆ ಒಂದು ಚೌಕ ಆಕಾಶ.
ಓಹೋ, ಈ ಗೋಡೆಗೆ ನಾವು ನೀಲಿ ಬಳಿದಿದ್ದೆವು!

ಇನ್ನು ಮೂಗು ಬೇಕು. ನನ್ನದು ಕೆಲಸಕ್ಕೆ ಬಾರದು.
ಸಕ್ಕರೆ ಸಾಲ ಕೇಳುವ ಹಾಗೆ ಕೇಳಲು ಹೊರಟೆ.
ಪಕ್ಕದ ಓರ್ಫೆಲಿನಾ ಬಾಗಿಲಲ್ಲೇ ನಿಂತು ಉಸಿರೆಳೆದು
"ಏನೂ ಇಲ್ಲವಲ್ಲ" ಎಂದಳು.
ಅವಳ ಚಿಮಣಿ ಈಗಲೂ ಹಸಿ ಸೌದೆ ಕೆಮ್ಮುತ್ತಿದೆ.
ಪಾದ್ರಿಗೆ ಧೂಪದ ಹೊರತು ಬೇರೇನೂ ತಿಳಿಯದು.
ಕೊಯಾಯಿಕೆಯಲ್ಲಿ ಯಾರ ಮೂಗು ನಂಬುವುದು?
ಬೆಟ್ಟಗಳ ಬೋಗುಣಿ, ಮೇಲೆ ಚಳಿಯ ಮುಚ್ಚಳ,
ಜೂನ್ ಬಂದರೆ ಊರಿಗೆ ಊರೇ ಹೊಗೆಗೆ ಕಟ್ಟಿದ ಮೀನು.

ಬುಧವಾರ ಕರೆಂಟು ಮೀಟರ್ ನೋಡಲು ಹೊಸಬನೊಬ್ಬ ಬಂದ, ಯೆರ್ಕೊ.
ಅರಿಕಾದವನು, ಮರುಭೂಮಿಯವನು,
ಉರಿಸಲು ಕಡ್ಡಿಯೂ ಇಲ್ಲದ ಕಡೆ ಬೆಳೆದ ಮೂಗು,
ಅಂಗಡಿಯ ಬೆಲೆಚೀಟಿ ಇನ್ನೂ ಕಿತ್ತಿಲ್ಲ.
"ಒಂದು ನಿಮಿಷ, ಮಗಾ. ಒಳಗೆ ಬಾ. ಮೂಸು."
ನಾಚಿದ. ಆಮೇಲೆ ಬೇಟೆನಾಯಿಯ ಹಾಗೆ ಹೊರಟ.
ಪರದೆ, ಇಲ್ಲ. ಸೋಫಾ, ಬರೀ ವಿನೆಗರ್. ಹಾಸಿಗೆ, ಇಲ್ಲ.
ಬಟ್ಟೆ ಕಪಾಟಿನ ಮುಂದೆ ನಿಂತು ಮೇಲೆ ನೋಡಿದ.
"ಸೆನ್ಯೋರಾ, ಆ ಕರಿ ಪೆಟ್ಟಿಗೆಯಲ್ಲೇನಿದೆ?"

ಅಕಾರ್ಡಿಯನ್.
ಹದಿನೇಳಕ್ಕೆ ನನ್ನ ಕರು ಮಾರಿ ಕೊಂಡದ್ದು.
ಉಣ್ಣೆ ಕತ್ತರಿಸುವ ದಿನಗಳಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೊತ್ತು
ಕುಣಿಯುವವರ ಬೂಟು ಸವೆಸಿದ್ದು.
ಆಮೇಲೆ ಒಲೆಯ ಪಕ್ಕ ಕೂತು ನನಗೇ ನುಡಿಸಿಕೊಂಡದ್ದು.
ಯಾಕೆ ಬಿಟ್ಟೆ? ಕಾರಣವೇನಿಲ್ಲ.
ಒಂದು ದಿನ ತೆಗೆಯಲಿಲ್ಲ. ಮರುದಿನವೂ ತೆಗೆಯಲಿಲ್ಲ.

ಪಟ್ಟಿ ಬಿಚ್ಚಿ ತಿದಿ ಎಳೆದೆ.
ಸ್ವರ ಬರಲಿಲ್ಲ, ಉಸಿರು ಬಂತು.
ಯೆರ್ಕೊ ಕೆಮ್ಮಿ ಕಣ್ಣೊರೆಸಿಕೊಂಡ.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವವರು ಅಲ್ಲಿರಬೇಕಿತ್ತು.
ಇಪ್ಪತ್ತು ವರ್ಷದ ಹಿಂದೆ ಒಳಹೋದ ಸಂಜೆ
ಮಡಿಕೆ ಮಡಿಕೆಯಾಗಿ ಹೊರಬಂತು,
ಆಗ ನನಗೂ ಬಡಿಯಿತು.

ಇದನ್ನು ತೊಳೆಯುವಂತಿಲ್ಲ.
ವಿನೆಗರ್ ತಾಗಿದರೆ ಅಂಟು ಬಿಡುತ್ತದೆ, ಸೋಡಾ ಹೊಕ್ಕರೆ ಗಂಟಲು ಕಟ್ಟುತ್ತದೆ.
"ಗಾಳಿಯಾಡಿಸಬೇಕು" ಎಂದ ಯೆರ್ಕೊ, ಮೀಟರಿನ ಅಂಕಿ ಬರೆದುಕೊಳ್ಳುತ್ತ.

ಹಾಗಾಗಿ ದಿನಾ ಸಂಜೆ ಹಿತ್ತಲಲ್ಲಿ,
ಖಾಲಿ ಸೌದೆ ಕೊಟ್ಟಿಗೆಯ ಮುಂದೆ ಸ್ಟೂಲು ಹಾಕಿ,
ತುದಿ ಕತ್ತರಿಸಿದ ಕೈಗವಸು ತೊಟ್ಟು ಕೂರುತ್ತೇನೆ.
ಎಡಗೈ ಎಲ್ಲ ಮರೆತಿದೆ. ಬಲಗೈ ಸುಳ್ಳು ಹೇಳುತ್ತದೆ.
ಓರ್ಫೆಲಿನಾಳ ನಾಯಿ ಮೊದಲ ದಿನ ಊಳಿಟ್ಟಿತು,
ನಿನ್ನೆ ಸುಮ್ಮನಿತ್ತು. ಕಿವಿಯೂ ಮೂಗಿನ ಹಾಗೆಯೇ ಇರಬೇಕು.
ಒಂದು ವಾಲ್ಟ್ಸ್ ಪೂರ್ತಿ ಬಂತು, ಒಂದು ರಾಂಚೆರಾ ಮುಕ್ಕಾಲು.

ಅವರು ಬರುವುದು ಶುಕ್ರವಾರದ ಬಸ್ಸಿಗೆ.
ಗುರುವಾರ ಯೆರ್ಕೊ ಮೂಗು ಹಿಡಿದುಕೊಂಡು ಮತ್ತೆ ಬರುತ್ತಾನಂತೆ,
ಕೂಲಿಗೆ ಒಂದು ರೊಟ್ಟಿ ಕೊಡುವ ಮಾತಾಗಿದೆ.
ಬಿಳಿ ಪೆಟ್ಟಿಗೆ ರೊಟ್ಟಿ ಸುಡದು.
ಓರ್ಫೆಲಿನಾಳ ಒಲೆ ಸಾಲ ಕೇಳಬೇಕು,
ಶಾಲು ಮನೆಯಲ್ಲೇ ಬಿಟ್ಟು ಹೋಗಬೇಕು.