ಮೂರು ಮಿಲಿಮೀಟರ್

ನುಳ್ಳಿಪ್ಪಾಡಿಯಲ್ಲಿ, ಮೊಬೈಲ್ ರಿಪೇರಿಯವನ ಮೇಲಿನ ಕೋಣೆ.
ಇಲ್ಲಿ ನಾನು ಮಾಡುವುದು ಹೆಚ್ಚಾಗಿ ಮದುವೆ ಕಾಗದ,
ಒಂದು ಬದಿ ಮಲಯಾಳ, ಒಂದು ಬದಿ ಕನ್ನಡ,
ಎರಡರಲ್ಲೂ ವರನ ಅಪ್ಪನ ಹೆಸರು ತಪ್ಪಬಾರದು, ಅಷ್ಟೇ.
ಮತ್ತೆ ಫುಟ್‌ಬಾಲ್ ಕ್ಲಬ್ಬಿನ ಫ್ಲೆಕ್ಸು,
ಸತ್ತವರ ನಗುಮುಖಕ್ಕೆ ನೀಲಿ ಹಿನ್ನೆಲೆ.

ಹೀಗಿರುವಾಗ ಬಂತು ‘ಬಿನ್ನಾಣ’.
ಮಂಗಳೂರಿನ ಫ್ಯಾಶನ್ ಪತ್ರಿಕೆ, ಕೈಮಗ್ಗ ವಿಶೇಷಾಂಕ,
ಮುಖಪುಟ ನನ್ನದು.
ಸಂಪಾದಕಿ ತನುಜಾ ಮೇಡಂ ಬರೆಯುವುದಿಲ್ಲ, ಧ್ವನಿ ಕಳಿಸುತ್ತಾರೆ,
ಹಿಂದೆ ಕಾರಿನ ಇಂಡಿಕೇಟರ್ ಟಿಕ್‌ಟಿಕ್:
“ಉಸಿರಾಡಬೇಕು ಸೌಪರ್ಣಿಕಾ, ಪುಟ ಉಸಿರಾಡಬೇಕು.”

ಚಿತ್ರದಲ್ಲಿ ಹುಡುಗಿ. ಯಾವ ಊರೋ.
ಕಡಲಿಗೆ ಬೆನ್ನು, ಕೂದಲಿಗೆ ಗಾಳಿ,
ಮೈಮೇಲೆ ನಮ್ಮ ಕಾಸರಗೋಡು ಸೀರೆ,
ನೋಡಿದರೆ ಪಿನ್ನುಗಳೇ ಉಟ್ಟ ಹಾಗಿದೆ.
ಪಕ್ಕಕ್ಕೆ ಸಾಲುಗಳು: ‘ಹತ್ತೇ ದಿನದಲ್ಲಿ ಸೊಂಟ’,
‘ಅತ್ತೆಗೂ ಒಪ್ಪುವ ಕಿವಿಯೋಲೆ’,
ಎಲ್ಲಕ್ಕಿಂತ ಕೆಳಗೆ, ಸಣ್ಣದಾಗಿ, ‘ಮಗ್ಗದ ಮನೆಯಲ್ಲೊಂದು ದಿನ’.

ಮೊದಲ ಜಗಳ ಅಕ್ಷರದ್ದು.
‘ಬಿನ್ನಾಣ’ದ ನಡುವೆ ನಕಾರದ ಒತ್ತು ಇದೆಯಲ್ಲ,
ಅದು ಇಳಿದು ಇಳಿದು ಹುಡುಗಿಯ ಬೈತಲೆಯಲ್ಲಿ ಕೂತಿತು.
ಇಂಗ್ಲಿಷಿನ ಹೆಸರುಗಳಿಗೆ ಈ ಕಷ್ಟವಿಲ್ಲ,
ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ.
ನಮ್ಮವಕ್ಕೆ ಕಾಲು, ಬಾಲ, ಕಂಕುಳಲ್ಲೊಂದು ಕೂಸು.
ಒತ್ತನ್ನು ಕಿರಿದು ಮಾಡಿದೆ, ಕುಂಟಿತು.
ಕೂದಲ ಹಿಂದೆ ಅಡಗಿಸಿದೆ, ‘ಬಿನಾಣ’ ಆಯಿತು.
ಕೊನೆಗೆ ಸಾಕಾಗಿ ಅಲ್ಲೇ ಬಿಟ್ಟೆ, ಬೈತಲೆಬೊಟ್ಟಿನ ಹಾಗೆ.
“ಎಂಥ ಐಡಿಯಾ!” ಎಂದರು ಮೇಡಂ. ನಾನು ಸುಮ್ಮನಿದ್ದೆ.

ಒಳಪುಟಕ್ಕೆ ನೇಯ್ದವರ ಹೆಸರು ಬೇಕಿತ್ತು.
ಪ್ರೂಫ್ ಹಿಡಿದು ವಿದ್ಯಾನಗರದಾಚೆ ಮಗ್ಗದ ಶೆಡ್ಡಿಗೆ ಹೋದೆ.
ಕಾರ್ತ್ಯಾಯನಿ ಚೇಚಿ ಲಾಳಿ ನಿಲ್ಲಿಸಿ, ಕೈ ಒರೆಸಿ,
ಹುಡುಗಿಯ ಮುಖ ನೋಡಲೇ ಇಲ್ಲ.
ಹೆಬ್ಬೆರಳು ನೇರ ಅಂಚಿಗೆ ಹೋಯಿತು,
ಎಳೆ ಎಣಿಸಿತು, ಒಂದು ಕಡೆ ನಿಂತಿತು.
“ಅಯ್ಯೋ, ಆ ಸೀರೆಯಾ! ಇಲ್ಲಿ ನೂಲು ತುಂಡಾಗಿತ್ತು,
ಮೊಮ್ಮಗಳಿಗೆ ಜ್ವರ, ಮನಸ್ಸು ಕೈಯಲ್ಲಿರಲಿಲ್ಲ.
ಕಂಪ್ಯೂಟರಿನಲ್ಲಿ ಏನು ಬೇಕಾದರೂ ಅಳಿಸುತ್ತೀಯಂತಲ್ಲ ಮೋಳೇ,
ಈ ಗಂಟೊಂದು...”

ಹುಡುಗಿಯ ಮೊಡವೆ ಅಳಿಸಿದ್ದೆ, ಕುತ್ತಿಗೆಯ ಗೆರೆ,
ತೋಳಿನ ಮೇಲಿನ ಲಸಿಕೆಯ ಗುರುತು,
ಅವಳನ್ನು ಕೇಳದೆ, ಐದೇ ನಿಮಿಷದಲ್ಲಿ.
ಚೇಚಿಯ ಗಂಟಿಗೆ ರಾತ್ರಿ ಒಂದೂವರೆ ತಾಸು ಹಿಡಿಯಿತು.
ಪಕ್ಕದ ಕೆಂಪು ಎಳೆಯಿಂದ ಒಂದಿಷ್ಟು ಕೆಂಪು ಸಾಲ ತಂದು
ಪಿಕ್ಸೆಲ್ ಪಿಕ್ಸೆಲ್ ಹೊಸೆದೆ.
ನಡುವೆ ಕರೆಂಟು ಹೋಯಿತು,
ಯುಪಿಎಸ್ ಕೂಗಿ ಸುಸ್ತಾಗುವಷ್ಟರಲ್ಲಿ ಸೇವ್ ಮಾಡಿದೆ.

ಬೆಳಿಗ್ಗೆ ಮತ್ತೆ ಧ್ವನಿ, ಈ ಸಲ ಇಂಡಿಕೇಟರ್ ಇಲ್ಲ:
“ಮುಖ ದೊಡ್ಡದು ಮಾಡು. ಅಂಚು ಹೋದರೆ ಹೋಗಲಿ.”

ಅಚ್ಚಿನವರ ಲೆಕ್ಕದಲ್ಲಿ ಪುಟದ ಸುತ್ತ ಮೂರು ಮಿಲಿಮೀಟರ್
ಇರುತ್ತದೆ, ಇರುವುದಿಲ್ಲ.
ಬಣ್ಣ ಅಲ್ಲಿಗೂ ಹೋಗಬೇಕು, ಕತ್ತರಿಗೆ ಕೊಡುವುದಕ್ಕೆ.
ಈ ಊರಿನ ಕನ್ನಡ ಶಾಲೆಯಲ್ಲಿ ಓದಿದವಳಿಗೆ
ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎಳೆದೆ, ಹಿಗ್ಗಿಸಿದೆ. ಆದರೂ ಬೆರಳಗಲ ಅಂಚನ್ನು
ಕೆಳಗೆ ಎಡಮೂಲೆಯಲ್ಲಿ ಉಳಿಸಿಕೊಂಡೆ, ಕದ್ದು.
ಅಲ್ಲಿಗೇ ಬಂದು ಕೂತಿತು ಬಾರ್‌ಕೋಡು,
ಬಿಳಿ ಚೌಕ, ಸರಿಯಾಗಿ ಗಂಟಿನ ಮೇಲೆ,
ಅಲ್ಲ, ಗಂಟಿದ್ದ ಜಾಗದ ಮೇಲೆ.

ಅಚ್ಚಾದ ಪ್ರತಿಯನ್ನು ಚೇಚಿ ಕನ್ನಡಕ ಹಾಕಿ ನೋಡಿದರು.
ಈ ಸಲ ಹುಡುಗಿಯನ್ನೂ ನೋಡಿದರು: “ಇವಳಿಗೆ ಊಟ ಸಾಲದು.”
ಆಮೇಲೆ ಬಾರ್‌ಕೋಡಿನ ಗೆರೆಗಳ ಮೇಲೆ ಉಗುರಾಡಿಸಿ
“ಹಾಸು ಚೆನ್ನಾಗಿದೆ” ಎಂದರು, “ದಪ್ಪ, ತೆಳು, ದಪ್ಪ, ತೆಳು.
ಹೊಕ್ಕು ಹಾಕಲು ಮರೆತರಾ?”

ದುಡ್ಡು ಇನ್ನೂ ಬಂದಿಲ್ಲ.
ಇವತ್ತು ಕೂಡ್ಲಿನದೊಂದು ಮದುವೆ, ಮುನ್ನೂರು ಕಾಗದ.
ವಧುವಿನ ಹೆಸರಿನಲ್ಲಿ ಎರಡು ಒತ್ತು.
ಇಳಿಯಲಿ ಎಂದು ಕೆಳಗೆ ಜಾಗ ಬಿಟ್ಟಿದ್ದೇನೆ.