ಹತ್ತೊಂಬತ್ತನೆಯ ಸುರಂಗ

ಮಾಟುಂಗಾ ವರ್ಕ್‌ಶಾಪಿನ ಮೂರನೇ ಶೆಡ್ಡಿಗೆ
ಅದನ್ನು ತಳ್ಳಿಕೊಂಡು ಬಂದಾಗ
ಸಲೂನು ಅನ್ನುವಂಥದ್ದೇನೂ ಉಳಿದಿರಲಿಲ್ಲ ಅದರಲ್ಲಿ.
ಕಲ್ಯಾಣದ ಯಾರ್ಡಿನ ತುದಿಗೆ ನಿಂತು ವರ್ಷಗಟ್ಟಲೆ
ಗ್ಯಾಂಗಿನವರ ಗುದ್ದಲಿ, ಸುಣ್ಣದ ಮೂಟೆ, ಒದ್ದೆ ಚಾದರ ಕಾಯ್ದ ಡಬ್ಬಿ.
ಪಾರಿವಾಳಗಳಿಗೆ ಮಾತ್ರ ಇನ್ನೂ ಫಸ್ಟ್ ಕ್ಲಾಸು.

ಮೊದಲು ಹೇಗಿತ್ತೋ ಹಾಗೆ ಮಾಡಿ ಎಂದರು ಸಾಹೇಬರು.
ಮೊದಲು ಅಂದರೆ ಯಾವ ಮೊದಲು?
ಕೆರೆದಷ್ಟೂ ಬಣ್ಣ:
ಬೂದಿಯ ಕೆಳಗೆ ಕಡುಗೆಂಪು,
ಕೆಂಪಿನ ಕೆಳಗೆ ಯುದ್ಧಕಾಲದ ಹಸಿರು,
ಹಸಿರಿನ ಕೆಳಗೆ ಹಾಲಿನ ಕೆನೆ,
ಹನ್ನೊಂದನೇ ದಿನ, ಮಧ್ಯಾಹ್ನದ ಭೋಂಗಾ ಕೂಗುವ ಹೊತ್ತಿಗೆ
ಬರ್ಮಾ ಸಾಗುವಾನಿ.
ಮಡಗಾಂವಿನ ಕಾಯ್ತಾನ್ ಮಿಸ್ತ್ರಿ ಮೂಗು ತಾಗಿಸಿ ಮೂಸಿ
ಜೀವ ಇದೆ ಮಾರಾಯ ಎಂದ,
ಹಸಿ ಮೀನು ಆರಿಸುವವನ ಹಾಗೆ.

ಉಳಿ ಹಿಡಿದೇ ಹುಟ್ಟುವ ಜಾತಿ ನಮ್ಮದು ಅನ್ನುತ್ತಾರೆ.
ಅಂಕೋಲೆಯ ನಾನು ಹಿಡಿದದ್ದು ಇಪ್ಪತ್ತನೇ ವಯಸ್ಸಿಗೆ
ಅಪ್ರೆಂಟಿಸು ಪರೀಕ್ಷೆ ಪಾಸಾಗಿ, ಸ್ಟೈಪೆಂಡಿನ ಆಸೆಗೆ.

ಪುಣೆಯಲ್ಲಿ ಕುದುರೆ ಓಡುವ ಕಾಲಕ್ಕೆ
ಬೊಂಬಾಯಿಯ ಬೆವರು ಒರೆಸಿಕೊಳ್ಳುತ್ತ ದೊಡ್ಡವರು
ಇದರಲ್ಲಿ ಭೋರ್ ಘಾಟು ಹತ್ತುತ್ತಿದ್ದರಂತೆ.
ಕರ್ಜತ್ತಿನಲ್ಲಿ ಹಿಂದಿನಿಂದ ನೂಕಲು ಎಂಜಿನ್ನು.
ಲೋಟ ಜಾರದಂತೆ ಮೇಜಿಗೆ ಹಿತ್ತಾಳೆಯ ಕಟಕಟೆ.
ಏರು ಎಷ್ಟೆಂಬುದು ದೊರೆಸಾನಿಗೆ ತಿಳಿಯಬಾರದೆಂದು
ಸೂಪನ್ನು ಅರ್ಧ ಬಟ್ಟಲೇ ಬಡಿಸುತ್ತಿದ್ದರಂತೆ.

ನಕ್ಷೆಯಲ್ಲಿ ಎಲ್ಲಕ್ಕೂ ಅಳತೆಯಿತ್ತು.
ಸ್ನಾನದ ತೊಟ್ಟಿಗೆ, ಟೊಪ್ಪಿಯ ಗೂಟಕ್ಕೆ, ನಾಯಿಯ ಪೆಟ್ಟಿಗೆಗೆ ಕೂಡ.
ಕಕ್ಕಸಿನ ಪಕ್ಕ ಒಂದು ಇಕ್ಕಟ್ಟು ಚೌಕ,
ಅದಕ್ಕೆ ಅಳತೆಯೂ ಇಲ್ಲ, ಹೆಸರೂ ಇಲ್ಲ.
ಒಳಗೆ ಒಂದು ಬೆಂಚು, ಬೆಂಚಿನ ಮೇಲೆ ಅಟ್ಟದ ಹಲಗೆ.
ಮಲಗಿ ಬ್ಯಾಟರಿ ಬಿಟ್ಟೆ.
ಹಲಗೆಯ ಅಡಿಮೈಗೆ ಯಾರೂ, ಯಾವ ಕಾಲದಲ್ಲೂ,
ಬಣ್ಣ ಬಳಿದಿರಲಿಲ್ಲ.

ಅಲ್ಲಿ ಪೆನ್ಸಿಲಿನ ಗೆರೆಗಳು. ಐದೈದರ ಕಟ್ಟು.
ಕತ್ತಲಲ್ಲಿ ಎಳೆದದ್ದು, ಅದಕ್ಕೇ ಸೊಟ್ಟ.
ಪ್ರತಿ ಸಾಲಿನ ಕೊನೆಗೆ, ಬೆಳಕಿಗೆ ಬಂದ ಮೇಲೆ ಬರೆದ ಮೊತ್ತ:
೨೫
೨೫
೨೪
೨೫
೧೯

ಯಾವ ಬಡಗಿಯ ಗುರುತು ಇದು ಎಂದ ಕಾಯ್ತಾನ್.
ನನಗೆ ಉತ್ತರ ಹೊರಡಲಿಲ್ಲ.
ಮೂವತ್ತೆರಡು ವರ್ಷ ನನ್ನ ಪಗಾರದ ಚೀಟಿಯಲ್ಲಿ ಕಾಣದ ಅಂಕಿ,
ಸ್ಲೇಟಿನ ಮೇಲೆ ಅವ್ವ ಕೈ ಹಿಡಿದು ತಿದ್ದಿಸಿದ ಒಂಬತ್ತು,
ಅದೇ ಬಾಲ.

ನಿದ್ದೆ ಹತ್ತಿರಬೇಕು ಎಂದ ಕಾಯ್ತಾನ್.
ಬೆತ್ತ ಹೆಣೆಯಲು ಭಿವಂಡಿಯಿಂದ ಬರುವ ಹಸೀನಾಬಿ
ಹಲ್ಲಿನಿಂದ ಎಳೆ ಕಡಿಯುತ್ತ ಅಂದಳು:
ನಿದ್ದೆಯೆಲ್ಲಿಂದ, ಒಳಗಿನಿಂದ ಗಂಟೆ ಬಾರಿಸಿರುತ್ತಾರೆ.
ನನಗೆ ಅವನ ಊರು ಬೇಕಿತ್ತು.
ಹೊನ್ನಾವರವೋ, ಇಂಡಿಯೋ, ರಾಯಚೂರೋ,
ಹತ್ತೊಂಬತ್ತರ ಮುಂದೆ ಯಾಕೆ ಸಾಲೇ ಇಲ್ಲವೋ.

ಶುಕ್ರವಾರ ಸಾಹೇಬರು ಬಂದು ಚೌಕದೊಳಗೆ ಇಣುಕಿ
ಇಲ್ಲಿ ಕಾಫಿ ಮೆಷಿನ್ನು ಎಂದರು. ಹಲಗೆ ಉಜ್ಜಿಬಿಡಿ.
ಸ್ಯಾಂಡ್‌ಪೇಪರು ಕೈಯಲ್ಲೇ ಇತ್ತು, ನೂರಿಪ್ಪತ್ತರದ್ದು.
ಕೆಳಗಿಟ್ಟೆ.
ಅರಗು ಕರಗಿಸಿ, ಹಳೇ ಬನಿಯನ್ನಿನ ಉಂಡೆ ಮಾಡಿ
ಗೆರೆ ಕದಡದ ಹಾಗೆ, ಮೊದಲ ಕೈ ಉಸಿರಿನಷ್ಟು ತೆಳ್ಳಗೆ,
ಆಮೇಲೆ ಆರು ಕೈ.
ಇದ್ದಲ್ಲೇ, ಇದ್ದ ಹಾಗೇ, ಮುಖ ಕೆಳಗೆ ಮಾಡಿ ಕೂರಿಸಿದೆ.
ಮೇಲೆ ಮೆಷಿನ್ನು ಕೂತಿತು.

ಟ್ರಯಲ್ಲಿನ ದಿನ ಡಬ್ಬಿಯ ಜೊತೆ ಮಿಸ್ತ್ರಿಯೂ ಹೋಗಬೇಕು,
ಅಲುಗುವುದನ್ನು ಬಿಗಿಯಲು.
ಪಳಸ್‌ದರಿ ದಾಟಿದ್ದೇ ಚೌಕದಲ್ಲಿ ಮಂಡಿ ಮಡಚಿ ಮಲಗಿದೆ.
ಒಂದು. ತಂಪು ಕಲ್ಲಿನ ವಾಸನೆ. ಬೆಳಕು.
ಎರಡು. ಮೂರು ಉದ್ದ. ನಾಲ್ಕು ಒಂದು ರೆಪ್ಪೆ.
ಹನ್ನೊಂದಕ್ಕೆ ಕರೆ ಬಂತು:
ಅರೆ ಆಚಾರಿ, ಈ ಕಿಟಕಿ ಕಟಕಟ ಅನ್ನುತ್ತಿದೆ, ನೋಡು.

ರಟ್ಟು ಮಡಚಿ ಸಂದಿಗೆ ತುರುಕಿ ಬರುವಷ್ಟರಲ್ಲಿ
ಲೋಣಾವಳ, ಚಿಕ್ಕಿಯ ಡಬ್ಬಗಳು, ಮಂಜು.
ಮತ್ತೆ ಒಳಹೊಕ್ಕು ಮಲಗಿ
ಕಿವಿಯ ಮೇಲಿನ ಪೆನ್ಸಿಲು ತೆಗೆದು
ಅವನ ೧೯ರ ಕೆಳಗೆ ೧೧ ಎಂದು ಬರೆಯಹೋದೆ.

ಜಾರಿತು.
ಅರಗಿನ ಮೇಲೆ ಪೆನ್ಸಿಲು ಹತ್ತುವುದಿಲ್ಲ.
ಇಷ್ಟು ವರ್ಷದ ಕಸುಬು, ಮರೆತಿದ್ದೆ.