ಆಳಿಗೊಂದು ಟವೆಲು

ಮೊದಲ ಸಲ ಆದಾಗ ನನಗೆ ಹದಿನಾಲ್ಕು.
ಧ್ವನಿ ಒಡೆಯುವ ಮುಂಚೆಯೇ ಬಾಲ ಬಂತು.
ಬೆಳಿಗ್ಗೆ ಎದ್ದದ್ದು ಹೆಲ್ದುರ್ ಮೇಷ್ಟ್ರ ಎಲೆಕೋಸಿನ ಮಡಿಯಲ್ಲಿ,
ಬರಿಮೈ, ಬಾಯಲ್ಲಿ ಯಾರದೋ ಒಂಟಿ ರಬ್ಬರ್ ಬೂಟು.
ಅಂದೇ ಆಣೆ ಇಟ್ಟುಕೊಂಡೆ: ಈ ಹುಂಡಿವೆರೆಯಲ್ಲಿ
ಈ ಗುಟ್ಟು ನನ್ನೊಬ್ಬನದು.

ಒಂದು ವರ್ಷ ಕಾಪಾಡಿದೆ,
ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ
(ಬೆಕ್ಕು ಅಂದೊಡನೆ ಮೂಗು ಈಗಲೂ ಕೆರೆಯುತ್ತದೆ, ಕ್ಷಮಿಸಿ).

ಆಮೇಲೊಂದು ಸಂಜೆ ಬಸ್ಸು ತಡವಾಗಿ
ಬೇರೆ ಕೆಲಸವಿಲ್ಲದೆ ಊರಿನ ಬೋರ್ಡು ಓದಿದೆ.
ಹುಂಡಿವೆರೆ.
ನಮ್ಮ ಎಸ್ಟೋನಿಯನ್ನಿನಲ್ಲಿ ಹುಂಟ್ ಅಂದರೆ ತೋಳ,
ಹುಂಡಿ ಅಂದರೆ ತೋಳನ.
ಹುಟ್ಟಿದಾಗಿನಿಂದ ಅದರ ಕೆಳಗೇ ನಿಂತು ಬಸ್ಸಿಗೆ ಕಾದಿದ್ದೇನೆ.

ವೇಳಾಪಟ್ಟಿಯ ಅಡಿಯಲ್ಲಿ ಇರುವೆಯಂಥ ಅಕ್ಷರ:
'ಹುಣ್ಣಿಮೆಯಂದು ಒಂಬತ್ತರ ಬಸ್ಸಿನ ಹಿಂಬಾಗಿಲು ತೆರೆದೇ ಇರುತ್ತದೆ.'
ಎಂಡೆಲ್‌ನ ಕ್ಷೌರದಂಗಡಿಯಲ್ಲಿ ತಲೆಗೆ ಎಂಟು ಯೂರೋ, ಗಡ್ಡಕ್ಕೆ ಐದು,
'ಉಳಿದದ್ದು: ಕೂತು ಮಾತಾಡೋಣ.'
ಔಷಧಿ ಅಂಗಡಿಯಲ್ಲಿ ಮೊಡವೆ ಮುಲಾಮಿನ ಪಕ್ಕವೇ ಚಿಗಟದ ಪುಡಿ,
ಎರಡೂ ಸೇರಿಸಿ ಕೊಂಡರೆ ವಿದ್ಯಾರ್ಥಿಗಳಿಗೆ ರಿಯಾಯಿತಿ.
ಊರಿಡೀ ಹುಡುಕಿದರೂ ಒಂದು ಬೆಳ್ಳಿ ಚಮಚ ಸಿಗದು.
ಚರ್ಚಿನ ಬಾಗಿಲಿಗೆ ಎರಡು ಹಿತ್ತಾಳೆ ಹಿಡಿ,
ಒಂದು ಕೈಗೆ; ಇನ್ನೊಂದು ಮೊಣಕಾಲೆತ್ತರದಲ್ಲಿ,
ಮುನ್ನೂರು ವರ್ಷ ಮೂಗುಗಳು ತಳ್ಳಿ ತಳ್ಳಿ
ಸವೆದು ಹೊಳೆಯುತ್ತಿತ್ತು.
ಅದನ್ನು ಮುಟ್ಟಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಮತ್ತೆ ಆ ಟವೆಲುಗಳು!
ಹುಣ್ಣಿಮೆಯ ಮರುಬೆಳಿಗ್ಗೆ ಬೇಲಿ ಬೇಲಿಗೂ ಒಂದು.
ಒಗೆದು ಹಾಕಿ ಮರೆತಿದ್ದಾರೆ ಪೆದ್ದುಗಳು, ಅಂದುಕೊಂಡು
ಕದ್ದು, ಸುತ್ತಿಕೊಂಡು, ಮನೆಗೆ ಓಡುತ್ತಿದ್ದವನು ನಾನು.
ವಿರ್ವೆ ಅಜ್ಜಿಯ ಟವೆಲಿನ ಅಂಚಿಗೆ ಕೆಂಪು ದಾರದ ಕಸೂತಿ,
ಹೂವು ಅಂತ ತಿಳಿದಿದ್ದೆ.
ಪಂಜ.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು,
ಲೋಕದ ಗಾದೆ ಇರುವುದು ಹಾಗೆ.
ನಮ್ಮೂರಲ್ಲಿ ಆಳಿಗೊಂದು ಟವೆಲು,
ಅದೂ ಇಸ್ತ್ರಿ ಮಾಡಿದ್ದು.

ತಡೆಯಲಾರದೆ ತಂಗಿ ಪಿರೆತಳನ್ನು ಕೇಳಿದೆ.
ಎಂಟು ವರ್ಷದವಳು, ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅಂದಳು:
"ಅಂಗೈ ಕೂದಲಿಗೆ ಕನ್ನಡಿ ಬೇಕಾ?
ಗೊತ್ತಾಯಿತು ಅಂತ ಯಾರ ಹತ್ತಿರವೂ ಹೇಳಬೇಡ ಆಯ್ತಾ.
ನೀನು ಬಚ್ಚಿಟ್ಟುಕೊಳ್ಳೋದು ನೋಡೋದಂದ್ರೆ
ಊರಿಗೆಲ್ಲ ಇಷ್ಟ."

ಸರಿ, ಬಚ್ಚಿಟ್ಟುಕೊಂಡೇ ಇದ್ದೇನೆ. ಪಾಪ, ಅವರಿಗೂ ಟೀವಿಯಲ್ಲಿ ಏನೂ ಬರುವುದಿಲ್ಲ.
ಹೆಲ್ದುರ್ ಮೇಷ್ಟ್ರ ಮೇಲೆ ಮಾತ್ರ ಕೋಪ.
ಹದಿನೇಳಕ್ಕೆ ಬೀಜಗಣಿತದ ಪರೀಕ್ಷೆ, ಹುಣ್ಣಿಮೆಯೂ ಅವತ್ತೇ,
ಅದನ್ನೇ ನಂಬಿ ಒಂದಕ್ಷರ ಓದಿರಲಿಲ್ಲ.
ಇವತ್ತು ತರಗತಿಯ ಬಾಗಿಲಿಗೆ ಹೊಸ ಚೀಟಿ:
ಪರೀಕ್ಷೆ ಹತ್ತೊಂಬತ್ತಕ್ಕೆ.
ಕಾರಣ ಕೊಟ್ಟಿಲ್ಲ. ಕೆಳಗೆ, ಸಣ್ಣಗೆ, ಪೆನ್ಸಿಲಿನಲ್ಲಿ:
'ಬರುವಾಗ ನನ್ನ ಬೂಟು ತರುವುದು.'